ಆ ಸಹಿ ಯಾರದು?
(ಮತ್ತೋಡಿನ ಶ್ರದ್ಧಾಂಜಲಿ ಸಭೆಯಲ್ಲಿ ಆಡಿದ ಮಾತು)

ನಮ್ಮ ಮತ್ತೋಡು ಹಿಂದೆ ಗಾಜಿನ ಬಳೆಗೆ ಹೆಸರಾಗಿತ್ತು. ಕುಲುಮೆ ಮುಂದೆ ಬೆಂದವರನ್ನು ಯಾರೂ ನೆನೆಯಲಿಲ್ಲ. ನಾವು ಮಣ್ಣು ಕೊಟ್ಟು ಬಂದ ದೊಡ್ಡಪ್ಪನೂ ಅಂಥವರೇ. ವಾಯುಪಡೆಯಲ್ಲಿ ಮೆಕ್ಯಾನಿಕ್. 1971ರ ಯುದ್ಧದಲ್ಲಿ ನ್ಯಾಟ್ ವಿಮಾನಗಳ ಹೊಟ್ಟೆಯಡಿ ದುಡಿದವರು.

1971ರ ಡಿಸೆಂಬರ್ 14ರಂದು ಶ್ರೀನಗರದಲ್ಲಿ ನ್ಯಾಟ್ ಏರಿ ಹೋರಾಡಿ ಮಡಿದ ನಿರ್ಮಲ್ ಜಿತ್ ಸಿಂಗ್ ಸೆಖೋನ್‌ಗೆ ಪರಮವೀರ ಚಕ್ರ ಬಂತು. ವಾಯುಪಡೆಗೆ ಬಂದಿರುವುದು ಅದೊಂದೇ. ಆ ಧೀರನಿಗೆ ನಾವೂ ತಲೆಬಾಗುತ್ತೇವೆ. ಆದರೆ ಅವತ್ತು ಆ ವಿಮಾನಕ್ಕೆ ಇಂಧನ ತುಂಬಿದವರು, ಗುಂಡು ಜೋಡಿಸಿದವರು ಯಾರು? ನಾವು ಓದಿದ ಪಾಠದಲ್ಲಿ ಅವರಿಲ್ಲ.

ನ್ಯಾಟ್ ವಿಮಾನ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೂ ತಯಾರಾಗುತ್ತಿತ್ತು. ಪುಟ್ಟ ವಿಮಾನ, ಚುರುಕೂ ಜಾಸ್ತಿ, ತಕರಾರೂ ಜಾಸ್ತಿ. ಹೈಡ್ರಾಲಿಕ್ಸ್ ಕೈಕೊಡೋದು, ಗನ್ನು ಸಿಕ್ಕಿಕೊಳ್ಳೋದು. ಇಕ್ಕಟ್ಟಿನಲ್ಲಿ ಕೈ ತೂರಿಸಿ ಸರಿಮಾಡಬೇಕು. ಆಮೇಲೆ ಪುಸ್ತಕಕ್ಕೆ ಸಹಿ. ಆ ಸಹಿ ಬೀಳದೆ ಎಂಥ ಆಫೀಸರೂ ವಿಮಾನ ಏರುವಂತಿಲ್ಲ.

ದೊಡ್ಡಪ್ಪನ ಅಪ್ಪ ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರು. ಪತ್ರದಲ್ಲಿ ಏನಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಮಗನ ಸಹಿ ನಂಬಿ ಪೈಲಟ್ಟುಗಳು ಜೀವ ಒಪ್ಪಿಸಿದರು. ಒಂದೇ ತಲೆಮಾರಿನಲ್ಲಿ ಇಷ್ಟು ದೂರ ಬಂದೆವು.

"ಕಣ್ಣಾರೆ ನೋಡ್ದೆ ಸಹಿ ಹಾಕಬ್ಯಾಡ್ರೋ" ಅಂತ ದೊಡ್ಡಪ್ಪ ನಮಗೆ ಅನ್ನುತ್ತಿದ್ದರು. ಹಾಸ್ಟೆಲ್ ಗೆಳೆಯರೇ, ಸ್ಪ್ಯಾನರ್ ಹಿಡಿದ ಕೈ ಪೆನ್ನು ಹಿಡಿದ ಕೈಗಿಂತ ಕೀಳಲ್ಲ. ಹೆದರಿ ಯಾವ ಕಾಗದಕ್ಕೂ ಸಹಿ ಹಾಕುವುದು ಬೇಡ. ಹಾಕಿದ ಸಹಿಗೆ ಜವಾಬು ಕೊಡೋಣ. ದೊಡ್ಡಪ್ಪನಿಗೆ ನಾವು ಸಲ್ಲಿಸೋ ಮಣ್ಣು ಅದೇ.