ಹಡಗಿನ ಲೆಕ್ಕ, ಆಳಿನ ಲೆಕ್ಕ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಬಂದರಿನ ಊರಿನಲ್ಲಿ ದುಡಿದು ಉಣ್ಣುವವರು ನಾವು. ಯುದ್ಧಕಾಲದಲ್ಲಿ ಸರಕಿನ ಹಡಗುಗಳು ಹೇಗೆ ಹುಟ್ಟಿದವು, ಅವುಗಳಲ್ಲೊಂದು ನಮ್ಮ ಊರಿಗೆ ಏನು ತಂದಿತು ಎಂಬುದನ್ನು ಇಂದು ನೆನೆಯೋಣ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಸರಕಿನ ಹಡಗುಗಳನ್ನು ಒಂದರ ಮೇಲೊಂದು ಮುಳುಗಿಸಿದವು. ಫಿರಂಗಿ ಎಷ್ಟಿದ್ದರೇನು? ದಂಡಿಗೆ ಕೂಳು ಒಯ್ಯಲು ಹಡಗಿಲ್ಲದಿದ್ದರೆ ಯುದ್ಧ ಸೋತಂತೆಯೇ. ಮುಳುಗುವುದಕ್ಕಿಂತ ಬೇಗ ಕಟ್ಟುವುದೊಂದೇ ದಾರಿಯಾಯಿತು. ಅಮೆರಿಕವು 1941ರಿಂದ 1945ರೊಳಗೆ 'ಲಿಬರ್ಟಿ' ಎಂಬ ಒಂದೇ ಮಾದರಿಯ 2,710 ಹಡಗುಗಳನ್ನು ಕಟ್ಟಿತು. ಮೊದಲು ಒಂದೊಂದಕ್ಕೆ ಏಳೆಂಟು ತಿಂಗಳು ಹಿಡಿಯುತ್ತಿತ್ತು. ಆಮೇಲೆ ಸರಾಸರಿ ಆರು ವಾರ ಸಾಕಾಯಿತು. 1942ರ ನವೆಂಬರಿನಲ್ಲಿ 'ರಾಬರ್ಟ್ ಇ. ಪಿಯರಿ' ಎಂಬುದನ್ನು ಐದು ದಿನದೊಳಗೆ ನೀರಿಗಿಳಿಸಿದರು.

ಇದು ಮಂತ್ರವಲ್ಲ. ಹೋಟೆಲಿನಲ್ಲಿ ಹಿಟ್ಟು ರುಬ್ಬುವವನು ಬೇರೆ, ದೋಸೆ ಹುಯ್ಯುವವನು ಬೇರೆ. ಗಿರಣಿಯಲ್ಲಿ ನೂಲುವವನು ಬೇರೆ, ನೇಯುವವನು ಬೇರೆ. ಹಾಗೆಯೇ ಹಡಗನ್ನು ತುಂಡುತುಂಡಾಗಿ ಬೇರೆ ಬೇರೆ ಕಡೆ ಸಿದ್ಧಪಡಿಸಿ, ತಂದು ಬೆಸುಗೆ ಹಾಕಿದರು. ಹಿಂದೆಂದೂ ಹಡಗು ಕಾಣದ ಗಂಡಸರೂ ಹೆಂಗಸರೂ ಒಂದೊಂದು ಕೆಲಸ ಕಲಿತು ನಿಂತರು. ಆತುರಕ್ಕೆ ಬೆಲೆಯೂ ತೆರಬೇಕಾಯಿತು: ಚಳಿಯ ಕಡಲಿನಲ್ಲಿ ಕೆಲವು ಹಡಗುಗಳು ಬಿರುಕು ಬಿಟ್ಟವು.

ಕೆನಡಾದಲ್ಲೂ ಇದೇ ಭರದಲ್ಲಿ ಹಡಗುಗಳನ್ನು ಕಟ್ಟಿದರು. 1942ರಲ್ಲಿ ಪ್ರಿನ್ಸ್ ರೂಪರ್ಟ್ ಎಂಬ ಊರಿನಲ್ಲಿ ಕಟ್ಟಿದ 'ಫೋರ್ಟ್ ಸ್ಟಿಕೀನ್', 1944ರ ಏಪ್ರಿಲಿನಲ್ಲಿ ಕರಾಚಿಯಿಂದ ಮುಂಬಯಿಗೆ ಬಂತು. ಅದರ ಒಡಲಲ್ಲಿ ಸುಮಾರು 1,400 ಟನ್ ಸಿಡಿಮದ್ದು, ಜೊತೆಗೆ ಹತ್ತಿಯ ಅಂಡಿಗೆಗಳು, ಚಿನ್ನದ ಗಟ್ಟಿಗಳು. ಸಿಡಿಮದ್ದಿನ ಹಡಗನ್ನು ಡಾಕಿನ ಒಳಗೆ ಬಿಡದಿರುವುದು ಶಾಂತಿಕಾಲದ ಪದ್ಧತಿ. ಯುದ್ಧದ ತುರ್ತಿನಲ್ಲಿ ಅದನ್ನು ಬದಿಗಿಟ್ಟಿದ್ದರು. ಏಪ್ರಿಲ್ 14ರ ಮಧ್ಯಾಹ್ನ ವಿಕ್ಟೋರಿಯಾ ಡಾಕಿನಲ್ಲಿ ಹಡಗಿಗೆ ಬೆಂಕಿ ಹಿಡಿಯಿತು. ನಾಲ್ಕು ಗಂಟೆ ಹೊಡೆದು ಸ್ವಲ್ಪ ಹೊತ್ತಿಗೆ ಹಡಗು ಸಿಡಿಯಿತು. ಅರ್ಧ ತಾಸಿನಲ್ಲಿ ಮತ್ತೊಮ್ಮೆ. ಡಾಕಿನ ಸುತ್ತಲ ಕೇರಿಗಳೂ ಗೋದಾಮುಗಳೂ ಉರಿದುಹೋದವು.

ಮಡಿದ ಅಗ್ನಿಶಾಮಕರು 66 ಮಂದಿ. ಇಂದಿಗೂ ಏಪ್ರಿಲ್ 14ರಂದು ದೇಶವೇ ಅವರನ್ನು ನೆನೆಯುತ್ತದೆ. ಒಟ್ಟು ಸತ್ತವರೆಷ್ಟು ಎಂದರೆ, ಒಂದು ಲೆಕ್ಕ 800 ಎನ್ನುತ್ತದೆ, ಇನ್ನೊಂದು 1,300 ಎನ್ನುತ್ತದೆ. ಚಿನ್ನದ ಗಟ್ಟಿಗಳು ಮಾತ್ರ ದಶಕಗಳ ನಂತರ ಹೂಳಿನಲ್ಲಿ ಸಿಕ್ಕಾಗಲೂ ಲೆಕ್ಕಕ್ಕೆ ಸೇರಿದವು!

ಅಗ್ನಿಶಾಮಕರ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಮುಕಾದಮನ ಕೂಗಿಗೆ ಬಂದು ಮೂಟೆ ಹೊತ್ತ ದಿನಗೂಲಿಯವನಿಗೆ ಪುಸ್ತಕ ಎಲ್ಲಿಯದು? ಡಾಕ್ ಕಾರ್ಮಿಕರ ನೋಂದಣಿಗೆ ದಾರಿ ಮಾಡಿದ ಕಾಯಿದೆ ಬಂದದ್ದು 1948ರಲ್ಲಿ.

ಮುಳುಗಿದ ಹಡಗಿಗೆ ಬದಲಿ ಹಡಗು ಆರು ವಾರದಲ್ಲಿ ಬಂತು. ಸತ್ತವನ ಮನೆಗೆ ಬದಲಿ ಬರಲಿಲ್ಲ. ಆದುದರಿಂದ ಬಂಧುಗಳೇ, ಹೋಟೆಲಾಗಲಿ, ಗಿರಣಿಯಾಗಲಿ, ಕೆಲಸಕ್ಕೆ ಸೇರಿದ ದಿನವೇ ನಮ್ಮ ಹೆಸರನ್ನು ಪುಸ್ತಕದಲ್ಲಿ ಬರೆಸೋಣ. ಊರಿನಿಂದ ಹೊಸದಾಗಿ ಬಂದ ಹುಡುಗನ ಹೆಸರನ್ನೂ ನಾವೇ ನಿಂತು ಬರೆಸೋಣ.