ಮಣ್ಣಿನಿಂದ ಬಂದದ್ದು ಮಣ್ಣಿಗೆ ಮರಳಲಿ

(ಅಜೆಕಾರಿನಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಹಿರಿಯ ಕೃಷಿಕರೊಬ್ಬರು ಮಾಡಿದ ಭಾಷಣ)



‘ಕಸದಿಂದ ರಸ’ ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಅಧ್ಯಕ್ಷರು ನನಗೆ ಅಪ್ಪಣೆ ಮಾಡಿದ್ದಾರೆ. ಈ ಮಾತು ನಮಗೆಲ್ಲರಿಗೂ ಕೇಳಿ ಕೇಳಿ ಹಳತಾಗಿದೆ. ಆದುದರಿಂದ ಕಸದ ಮಹಿಮೆಯನ್ನು ಹೊಗಳಲು ನಾನು ಎದ್ದು ನಿಂತಿಲ್ಲ. ಗೊಬ್ಬರಕ್ಕೆ ಒಂದು ಯೋಜನೆ, ಗ್ಯಾಸಿಗೆ ಒಂದು, ಹಾಳೆತಟ್ಟೆಗೆ ಒಂದು, ಪ್ಲಾಸ್ಟಿಕ್ಕಿಗೆ ಇನ್ನೊಂದು, ಹೀಗೆ ನಮ್ಮ ಗ್ರಾಮಗಳಿಗೆ ಹಲವು ಕೆಲಸಗಳು ಬಂದಿವೆ. ಒಂದು ಕೆಲಸದ ಸುದ್ದಿ ಇನ್ನೊಂದಕ್ಕೆ ಇಲ್ಲ. ಇವುಗಳನ್ನು ಒಂದಕ್ಕೊಂದು ಹೊಂದಿಸುವುದು ಹೇಗೆ ಎಂಬುದೇ ಈ ಹೊತ್ತಿನ ವಿಷಯ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಮನೆಯ ಹಿಂದೆ ಗೋಬರ್ ಗ್ಯಾಸ್ ಕಟ್ಟಿಸಿದೆ. ಹಟ್ಟಿಯಲ್ಲಿ ಮೂರು ದನಗಳಿದ್ದವು. ಒಲೆ ಚೆನ್ನಾಗಿ ಉರಿಯಿತು; ಮನೆಯಾಕೆಗೆ ಹೊಗೆಯ ಕಾಟ ತಪ್ಪಿತು. ಆದರೆ ಹೊರಬರುವ ಸ್ಲರಿ ಎಲ್ಲಿಗೆ ಹೋಗಬೇಕೆಂದು ನಾನು ಯೋಚಿಸಿರಲಿಲ್ಲ. ತೋಟ ಮೇಲೆ, ಗುಂಡಿ ಕೆಳಗೆ. ಆಟಿಯ ಮಳೆಗೆ ಗುಂಡಿ ತುಂಬಿ ಹರಿದು ಕೆಳಗಿನ ಮನೆಯವರ ಬಾವಿಯ ನೀರು ಕೆಟ್ಟಿತು. ಒಂದು ಬೆಳಿಗ್ಗೆ ಆ ಮನೆಯ ಹಿರಿಯರು ಕೊಡಪಾನದಲ್ಲಿ ಆ ನೀರನ್ನೇ ತಂದು ನಮ್ಮ ಅಂಗಳದಲ್ಲಿ ಇಟ್ಟರು. “ಎಂಥದು ಮಾರಾಯ್ರೇ, ಗ್ಯಾಸು ನಿಮ್ಮ ಒಲೆಗೆ, ಗಬ್ಬು ನಮ್ಮ ಬಾವಿಗೋ?” ಎಂದು ಕೇಳಿದರು. ನಾನು ಉತ್ತರವಿಲ್ಲದೆ ನಿಂತೆ. ಎರಡು ತಿಂಗಳು ನಮ್ಮೊಳಗೆ ಮಾತಿರಲಿಲ್ಲ.

ಅದೇ ವರ್ಷ ನಾನು ಸಾಲ ಮಾಡಿ ತೋಟಕ್ಕೆ ಮೂಟೆ ಗೊಬ್ಬರ ತಂದಿದ್ದೆ. ಅವರಾದರೋ ದನಗಳನ್ನು ಮಾರಿ, ಅಡಿಕೆ ಸೋಗೆಯನ್ನೂ ಸಿಪ್ಪೆಯನ್ನೂ ತೋಟದ ಮೂಲೆಯಲ್ಲಿ ರಾಶಿ ಹಾಕಿ ಸುಡುತ್ತಿದ್ದರು. ನನ್ನಲ್ಲಿ ಸಗಣಿ ಹೆಚ್ಚಾಗಿ ಹಾಳು, ಅವರಲ್ಲಿ ಸೋಗೆ ಹೆಚ್ಚಾಗಿ ಹಾಳು. ನಡುವೆ ಇದ್ದುದು ಒಂದು ಬೇಲಿ ಮಾತ್ರ. ಇದು ನಮ್ಮಿಬ್ಬರ ಕಥೆಯಷ್ಟೇ ಅಲ್ಲವೆಂದು ಈಗ ನನಗೆ ತೋರುತ್ತದೆ.

ನಮ್ಮ ಹಿರಿಯರ ಕಾಲದಲ್ಲಿ ಈ ಹೊಂದಾಣಿಕೆ ತಾನಾಗಿ ನಡೆಯುತ್ತಿತ್ತು. ಗುಡ್ಡದ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ಗದ್ದೆಗೆ, ಗದ್ದೆಯ ಬೈಹುಲ್ಲು ಮತ್ತೆ ಹಟ್ಟಿಗೆ. ಬೈಲು, ಮಜಲು, ಬೆಟ್ಟು ಗದ್ದೆಗಳಿಗೆಲ್ಲ ಅದೇ ಆಧಾರ. ವರ್ಗ ಜಮೀನಿನ ಸುತ್ತ 100 ಗಜದವರೆಗಿನ ಸರ್ಕಾರಿ ಜಾಗದಿಂದ ಸೊಪ್ಪು, ಹುಲ್ಲು, ಸೌದೆ ತರುವ ಕುಮ್ಕಿ ಸವಲತ್ತು ನಮ್ಮ ಜಿಲ್ಲೆಯಲ್ಲಿ ಬಂದುದು ಈ ಕಾರಣದಿಂದಲೇ. ಗುಡ್ಡವಿಲ್ಲದೆ ಗದ್ದೆಯಿಲ್ಲವೆಂದು ಕಂದಾಯದವರೂ ಒಪ್ಪಿದ್ದರು. ಹಾಗೆಂದು ಹಳೆಯದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಗುಡ್ಡ ಇಳಿದವರು ನಮ್ಮ ತಾಯಂದಿರು. ಅವರ ಬೆನ್ನುನೋವಿನ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಆ ದುಡಿಮೆ ಹೋದುದಕ್ಕೆ ಮರುಗಬೇಕಾದುದಿಲ್ಲ. ಆದರೆ ದುಡಿಮೆಯ ಸಂಗಡ ಆ ಸರಪಳಿಯೂ ತುಂಡಾಯಿತು. ಗದ್ದೆಗಳು ಹಡಿಲು ಬಿದ್ದವು, ಹಟ್ಟಿಗಳು ಬರಿದಾದವು, ಗುಡ್ಡದಲ್ಲಿ ಅಕೇಶಿಯವೂ ರಬ್ಬರೂ ಬಂದವು. ಮೂಟೆ ಗೊಬ್ಬರ ಪೇಟೆಯಿಂದ ಬರತೊಡಗಿತು.

ನಮ್ಮದು ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಮುರಕಲ್ಲಿನ ನೆಲ. ಇಂಥ ಮಣ್ಣಿನಲ್ಲಿ ಪೊಟಾಷೂ ಸುಣ್ಣವೂ ನಿಲ್ಲುವುದಿಲ್ಲ, ನೀರಿನೊಡನೆ ಇಳಿದುಹೋಗುತ್ತವೆ. ಅವುಗಳನ್ನು ಹಿಡಿದಿಡುವುದು ಮಣ್ಣಿನಲ್ಲಿರುವ ಕೊಳೆತ ಸೊಪ್ಪು–ಸಗಣಿಯ ಸತ್ವ. ಅದಿಲ್ಲದ ತೋಟಕ್ಕೆ ಎಷ್ಟು ಮೂಟೆ ಸುರಿದರೂ ಅರ್ಧ ತೋಡಿಗೆ ಹೋಗುತ್ತದೆ.

ಇನ್ನು ಲೆಕ್ಕವನ್ನು ನೋಡೋಣ. ಅಡಿಕೆ ಮರ ಒಂದಕ್ಕೆ ವರ್ಷಕ್ಕೆ ಸಾರಜನಕ 100 ಗ್ರಾಂ, ರಂಜಕ 40 ಗ್ರಾಂ, ಪೊಟಾಷ್ 140 ಗ್ರಾಂ, ಇವುಗಳ ಸಂಗಡ ಹಸಿರು ಸೊಪ್ಪು 12 ಕಿಲೋ, ಹಟ್ಟಿಗೊಬ್ಬರ 12 ಕಿಲೋ ಕೊಡಬೇಕೆಂದು ಕೃಷಿ ತಜ್ಞರ ಶಿಫಾರಸು ಇದೆ. ಎಕರೆಗೆ 500 ಮರವೆಂದು ಹಿಡಿದರೆ ಪೊಟಾಷ್ ಒಂದೇ 70 ಕಿಲೋ ಆಯಿತು. ಅಂಗಡಿಯ ಮ್ಯೂರಿಯೇಟ್ ಗೊಬ್ಬರದಲ್ಲಿ ನೂರಕ್ಕೆ 60 ಪಾಲು ಪೊಟಾಷ್. ಅಂದರೆ 50 ಕಿಲೋದ ಎರಡು ಮೂಟೆಗೂ ಮೇಲೆ ಬೇಕು. ಈ ಗೊಬ್ಬರ ನಮ್ಮ ದೇಶದ ಗಣಿಯಿಂದ ಬರುವಂಥದಲ್ಲ. ಕೆನಡಾ, ರಷ್ಯಾ, ಬೆಲರೂಸ್ ಮೊದಲಾದ ದೇಶಗಳಿಂದ ಹಡಗಿನಲ್ಲಿ ಬರಬೇಕು. ಎಲ್ಲಿಯೋ ಯುದ್ಧವಾದರೆ ಅಜೆಕಾರಿನ ತೋಟಗಾರನ ಕಿಸೆಗೆ ಅದರ ಬಿಸಿ ತಟ್ಟುತ್ತದೆ.

ಅದೇ ತೋಟದಲ್ಲಿ ಮರವೊಂದು ವರ್ಷಕ್ಕೆ ಸುಮಾರು 7 ಸೋಗೆ ಉದುರಿಸುತ್ತದೆ. 500 ಮರಕ್ಕೆ 3,500 ಸೋಗೆ, 3,500 ಹಾಳೆ. ಭತ್ತ ಬೆಳೆಯುವವರ ಮನೆಯಲ್ಲಿ ಬೈಹುಲ್ಲು. ಭತ್ತದ ಗಿಡ ನೆಲದಿಂದ ಹೀರಿದ ಪೊಟಾಷಿನಲ್ಲಿ ಬಹುಪಾಲು ಕಾಳಿಗೆ ಹೋಗುವುದಿಲ್ಲ, ಹುಲ್ಲಿನಲ್ಲಿಯೇ ಉಳಿಯುತ್ತದೆ. ಒಂದು ಟನ್ ಬೈಹುಲ್ಲು ಊರಿನ ಹೊರಗೆ ಹೋದರೆ ಸುಮಾರು 15 ಕಿಲೋ ಪೊಟಾಷ್ ಹೋದಂತೆ. ಹುಲ್ಲಿನ ಹಣ ಕೈಗೆ ಬಂದುದು ಕಾಣುತ್ತದೆ. ಗದ್ದೆಯಿಂದ ಹೋದುದು ಕಾಣುವುದಿಲ್ಲ.

ಸರಿ, ಈ ವಸ್ತುಗಳೆಲ್ಲ ನಮ್ಮಲ್ಲಿಯೇ ಇವೆ. ಆದರೆ ಒಂದು ಹಾಳೆಗೆ ಈಗ ಮೂವರು ಒಡೆಯರು. ಹಾಳೆತಟ್ಟೆ ಮಾಡುವವರು ಕೇಳುತ್ತಾರೆ. ದನ ಸಾಕುವವರು ಕತ್ತರಿಸಿ ಮೇವಿಗೆ ಹಾಕಬೇಕೆನ್ನುತ್ತಾರೆ. ಬುಡಕ್ಕೆ ಮುಚ್ಚಿಗೆಯಾಗಬೇಕೆಂದು ತೋಟದವರು ಹೇಳುತ್ತಾರೆ. ಸಗಣಿಯ ವಿಷಯವೂ ಹೀಗೆಯೇ: ಗ್ಯಾಸಿನವರು ಬೇಕೆಂದರೆ ಎರೆಗೊಬ್ಬರದವರೂ ಬೇಕೆನ್ನುತ್ತಾರೆ. ಪ್ರತಿಯೊಬ್ಬರ ಮಾತೂ ಸರಿಯೇ. ಎಲ್ಲರೂ ತಮ್ಮ ತಮ್ಮ ಲೆಕ್ಕವನ್ನು ಮಾತ್ರ ನೋಡಿಕೊಂಡರೆ ಒಂದು ಕೆಲಸ ಇನ್ನೊಂದನ್ನು ಕೊಲ್ಲುತ್ತದೆ.

ಇದಕ್ಕೆ ನನಗೆ ಕಂಡ ದಾರಿ, ಕೆಲಸಗಳಿಗೆ ಒಂದು ಸರದಿ ಕಟ್ಟುವುದು. ಯಾವ ವಸ್ತುವನ್ನು ಎರಡು ಸಾರಿ, ಮೂರು ಸಾರಿ ಉಪಯೋಗಿಸಬಹುದೋ ಅದನ್ನು ಒಂದೇ ಸಾರಿಗೆ ಮುಗಿಸಬಾರದು. ಮೊದಲು ಮೇವು, ಮೇವಾದುದು ಸಗಣಿಯಾಗುತ್ತದೆ. ಆಮೇಲೆ ಗ್ಯಾಸು, ಆಮೇಲೆ ಗೊಬ್ಬರ. ಸುಡುವುದು ಎಲ್ಲಕ್ಕಿಂತ ಕಡೆಗೆ.

ಸಗಣಿಯನ್ನು ಗ್ಯಾಸಿಗೆ ಹಾಕಿದರೆ ಗೊಬ್ಬರ ನಷ್ಟವಾಗುತ್ತದೆಂದು ಕೆಲವರಿಗೆ ಸಂದೇಹವಿದೆ. ಅದು ಹಾಗಲ್ಲ. ಒಲೆಯಲ್ಲಿ ಉರಿಯುವುದು ಸಗಣಿಯ ಇಂಗಾಲದ ಒಂದಂಶ ಮಾತ್ರ. ಸಾರಜನಕ, ರಂಜಕ, ಪೊಟಾಷ್ ಸ್ಲರಿಯಲ್ಲಿಯೇ ಉಳಿಯುತ್ತವೆ. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರು ಗ್ಯಾಸು ಬರುತ್ತದೆ. ಮೂರು ದನಗಳ 30 ಕಿಲೋ ಸಗಣಿಗೆ ದಿನಕ್ಕೆ 1,200 ಲೀಟರು. ತಿಂಗಳಿಗೆ ಒಂದು ಸಿಲಿಂಡರಿನಷ್ಟು ಆಯಿತು. ಅಷ್ಟಾದ ಮೇಲೂ ಗೊಬ್ಬರ ನಮ್ಮ ಕೈಯಲ್ಲೇ ಇದೆ. ಅದನ್ನು ತೋಡಿಗೆ ಬಿಟ್ಟರೆ ಮಾತ್ರ ನಷ್ಟ, ನಾನು ಮಾಡಿದಂತೆ.

ಹಾಳೆಯಲ್ಲಿ ಅಗಲವಾಗಿ ಶುಚಿಯಾಗಿರುವುದು ತಟ್ಟೆಗೆ, ಒಡಕು–ಸಣ್ಣದು ಮೇವಿಗೆ, ಕೊಳೆತದ್ದು ಬುಡಕ್ಕೆ. ಮದ್ದು ಬಿಟ್ಟ ದಿನಗಳಲ್ಲಿ ಬಿದ್ದ ಹಾಳೆಯಲ್ಲಿ ಮೈಲುತುತ್ತದ ಅಂಶವಿರುವುದರಿಂದ ಅದನ್ನು ಹಸುವಿಗೆ ಹಾಕಬಾರದು. ತಟ್ಟೆಯೊಂದನ್ನೇ ನಂಬಿ ಕೂರುವುದೂ ಕ್ಷೇಮವಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯವರು ಅಡಿಕೆ ಹಾಳೆಯ ತಟ್ಟೆಗಳನ್ನು ಊಟಕ್ಕೆ ಬಳಸಬಾರದೆಂದು ತಿಳಿಸಿ, ಹೊರಗಿನಿಂದ ಬರುವುದನ್ನು ತಡೆದರು. ಒಂದು ಬಾಗಿಲು ಮುಚ್ಚಿದಾಗ ಇನ್ನೆರಡು ತೆರೆದಿರಬೇಕಾದರೆ ಮೇವಿನವರೂ ತಟ್ಟೆಯವರೂ ಇಂದೇ ಒಟ್ಟಿಗೆ ಕುಳಿತು ಮಾತಾಡಬೇಕು.

ಇನ್ನು ಪ್ಲಾಸ್ಟಿಕ್. ಇದು ಕೊಳೆಯುವ ಜಾತಿಯದಲ್ಲ. ನಮ್ಮ ಮಣ್ಣಿಗೆ ಮರಳಿಸಲಾಗದು. ಬಂದ ಕಡೆಗೇ, ಅಂದರೆ ಕಾರ್ಖಾನೆಗೇ, ಅದು ಮರಳಬೇಕು. ನಮ್ಮ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸವನ್ನು ಬೇರ್ಪಡಿಸಬಲ್ಲ ಘಟಕವಿದೆ; ಹತ್ತಾರು ಗ್ರಾಮ ಪಂಚಾಯತುಗಳು ಅದಕ್ಕಾಗಿ ಕೈಜೋಡಿಸಿವೆ. ಒಂದೊಂದು ಪಂಚಾಯತು ಪ್ರತ್ಯೇಕವಾಗಿ ಮಾಡಲಾಗದ್ದು ಕೂಡಿ ಮಾಡಿದಾಗ ಆಯಿತು. ಕುಂದಾಪುರದ ಕಡೆ ವಂಡ್ಸೆಯವರು ಇದಕ್ಕೂ ಮೊದಲೇ ತಮ್ಮ ಕೆಲಸಕ್ಕೆ ‘ಕಸ’ ಎಂಬ ಹೆಸರನ್ನು ಬಿಟ್ಟು ‘ಸಂಪನ್ಮೂಲ’ ಎಂಬ ಹೆಸರಿಟ್ಟು ನಡೆಸಿ ತೋರಿಸಿದರು. ಆದರೆ ಮನೆಯಲ್ಲಿ ಹಸಿ–ಒಣ ಬೇರೆ ಮಾಡದೆ ಕೊಟ್ಟರೆ ಎಂಥ ಯಂತ್ರವಿದ್ದರೂ ಪ್ರಯೋಜನವಿಲ್ಲ.

ತಾಯಂದಿರಲ್ಲಿ ಒಂದು ವಿಶೇಷ ಬಿನ್ನಹ. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ ಹಾಕುವುದು ನಮ್ಮ ವಾಡಿಕೆ. ಆ ಬೂದಿಯಲ್ಲಿ ಪೊಟಾಷ್ ಇದೆ. ಬಸಳೆಗೂ ಬದನೆಗೂ ಅದಕ್ಕಿಂತ ಒಳ್ಳೆಯದು ಬೇರೆ ಬೇಡ. ಬೆಂಕಿ ಹಿಡಿಸಲು ಒಂದು ಪ್ಲಾಸ್ಟಿಕ್ ತೊಟ್ಟೆ ಹಾಕಿದಿರೋ, ಆ ಬೂದಿ ಕೆಟ್ಟಿತು, ಹೊಗೆ ಮಕ್ಕಳ ಮೂಗಿಗೆ ಹೋಯಿತು. ಸಿಪ್ಪೆಯ ಸರಪಳಿಯೂ ಪ್ಲಾಸ್ಟಿಕ್ಕಿನ ಸರಪಳಿಯೂ ಎಲ್ಲಿಯೂ ಕೂಡದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ನಿಮ್ಮ ಕೈಯಲ್ಲಿ ಮಾತ್ರ ಎಂದಲ್ಲ. ಗಂಡಸರೂ ಬೆಂಕಿ ಹಾಕುವವರೇ.

ಡೆನ್ಮಾರ್ಕ್ ಎಂಬ ದೇಶದಲ್ಲಿ ಕಲುಂಡ್‌ಬೋರ್ ಎಂಬ ಒಂದು ಸಣ್ಣ ಬಂದರು ಪಟ್ಟಣವಿದೆ. 1972ರಿಂದ ಆರಂಭಿಸಿ ಅಲ್ಲಿಯ ಕಾರ್ಖಾನೆಗಳು ಒಂದರಲ್ಲಿ ಮಿಕ್ಕಿದ್ದನ್ನು ಇನ್ನೊಂದಕ್ಕೆ ಕೊಡುತ್ತಾ ಬಂದವು. ವಿದ್ಯುತ್ ಕೇಂದ್ರದ ಉಗಿ ನೆರೆಯ ಕಾರ್ಖಾನೆಗಳಿಗೆ, ಅಲ್ಲಿಯ ಜಿಪ್ಸಂ ಗೋಡೆಹಲಗೆ ಮಾಡುವವರಿಗೆ, ಔಷಧದ ಕಾರ್ಖಾನೆಯಲ್ಲಿ ಉಳಿದ ಬಗ್ಗಡ ರೈತರ ಹೊಲಗಳಿಗೆ ಹೋಯಿತು. ಇದನ್ನು ಯಾರೋ ಮೇಲಿನಿಂದ ಹುಕುಂ ಮಾಡಿ ಕಟ್ಟಿದುದಲ್ಲ. ನೆರೆಯವರು ನೆರೆಯವರೊಡನೆ ಮಾತಾಡಿ, ಒಂದೊಂದಾಗಿ ಒಪ್ಪಂದ ಮಾಡಿಕೊಂಡದ್ದು. ದೊಡ್ಡ ವಿದ್ಯೆಯವರು ಇದನ್ನು ಚಕ್ರೀಯ ಅರ್ಥವ್ಯವಸ್ಥೆ ಎಂದು ಕರೆಯುತ್ತಾರೆ. ನಮ್ಮಲ್ಲಿ ಅದು ಒಂದು ಬೇಲಿಯನ್ನು ದಾಟುವುದರಿಂದ ಆರಂಭವಾಗಬೇಕು.

ನಮ್ಮ ಬೇಲಿಯ ಕಥೆ ಹೀಗೆ ಮುಂದುವರಿಯಿತು. ಆ ಹಿರಿಯರ ಮನೆಗೆ ನಾನೇ ಹೋದೆ. ಮೊದಲು ಬಾವಿಯನ್ನು ನನ್ನ ಖರ್ಚಿನಲ್ಲಿ ಶುಚಿ ಮಾಡಿಸಿದೆ. ಗುಂಡಿಯನ್ನು ತೋಡಿನ ಕಡೆಯಿಂದ ಎತ್ತರದ ಜಾಗಕ್ಕೆ ಬದಲಾಯಿಸಿ, ಮಳೆ ಬೀಳದಂತೆ ಮಾಡು ಕಟ್ಟಿ ಮಡಲು ಹೊದೆಸಿದೆ. ಅವರ ಸೋಗೆ–ಸಿಪ್ಪೆ ನನ್ನ ಗುಂಡಿಗೆ ಬಂತು. ನನ್ನ ಸ್ಲರಿಯನ್ನು ಒಂದು ಪದರ ಸೋಗೆ, ಒಂದು ಪದರ ಸ್ಲರಿಯಾಗಿ ಹಾಕಿದೆವು. ಹಣ್ಣಾದ ಗೊಬ್ಬರದಲ್ಲಿ ಅವರಿಗೆ ಅರ್ಧ, ನನಗೆ ಅರ್ಧ. ಸೋಗೆ ಹೊತ್ತವರ ಕೂಲಿಯನ್ನೂ ಇಬ್ಬರೂ ಹಂಚಿಕೊಂಡೆವು. ಮೂಟೆ ಗೊಬ್ಬರ ಪೂರ್ತಿ ನಿಂತಿತೆಂದು ನಾನು ಸುಳ್ಳು ಹೇಳಲಾರೆ, ಕಡಿಮೆಯಾಯಿತು. ಈಗ ಅವರು ಅದೇ ಬಾವಿಯ ನೀರಿನಲ್ಲಿ ಬೆಲ್ಲ ಕೊಟ್ಟು ನನ್ನನ್ನು ಉಪಚರಿಸುತ್ತಾರೆ.

ಎರಡು ಮನೆಗಳಿಗೆ ಆದದ್ದು ಇಪ್ಪತ್ತು ಮನೆಗಳಿಗೆ ಆಗಬೇಕಾದರೆ ಏನು ಮಾಡಬೇಕು? ಹೊಸ ಸಂಘ ಬೇಡ, ಹೊಸ ಕಟ್ಟಡ ಬೇಡ. ಹಾಲಿನ ಸೊಸೈಟಿಗೆ ದಿನವೂ ಹೋಗುತ್ತೇವಲ್ಲ. ಅಲ್ಲಿಯೇ ಒಂದು ಪುಸ್ತಕ ಇಡೋಣ. ಒಂದು ಬದಿಯಲ್ಲಿ ‘ನನ್ನಲ್ಲಿ ಇದೆ’, ಇನ್ನೊಂದು ಬದಿಯಲ್ಲಿ ‘ನನಗೆ ಬೇಕು’. ಸಗಣಿ, ಸೋಗೆ, ಹಾಳೆ, ಬೈಹುಲ್ಲು, ಮಿಲ್ಲಿನ ಉಮಿ, ಬೂದಿ, ಏನಿದ್ದರೂ ಬರೆಯುವುದು. ತಿಂಗಳಿಗೊಮ್ಮೆ ಆ ಪುಸ್ತಕವನ್ನು ಬಿಚ್ಚಿ ಓದುವುದು. ಆ ದಿನ ಪಂಚಾಯತಿನವರು, ಸ್ತ್ರೀಶಕ್ತಿ ಸಂಘದವರು, ಒಣಕಸದ ಗಾಡಿಯವರು, ಕೃಷಿ–ತೋಟಗಾರಿಕೆ ಇಲಾಖೆಯವರು ಒಟ್ಟಿಗೆ ಕುಳಿತುಕೊಳ್ಳುವಂತೆ ಕೇಳಿಕೊಳ್ಳುವುದು. ಹೊಸ ಯೋಜನೆ ಯಾವುದು ಬಂದರೂ ನಾವು ಒಂದೇ ಪ್ರಶ್ನೆ ಕೇಳೋಣ: ‘ಇದಕ್ಕೆ ಬೇಕಾದುದು ಯಾರಿಂದ ಬರುತ್ತದೆ, ಇದರಲ್ಲಿ ಮಿಕ್ಕಿದ್ದು ಯಾರಿಗೆ ಹೋಗುತ್ತದೆ?’ ಉತ್ತರವಿದ್ದರೆ ಸ್ವಾಗತ. ಇಲ್ಲವಾದರೆ ಮೊದಲು ಉತ್ತರ ಹುಡುಕೋಣ.

ಇದರಲ್ಲಿ ಜಗಳ ಬಾರದೆ ಇರುವುದಿಲ್ಲ. ಒಬ್ಬನ ಸೋಗೆ ಹೆಚ್ಚು, ಇನ್ನೊಬ್ಬನ ಸಗಣಿ ನೀರು. ಅಳತೆ ಮೊದಲೇ ನಿಶ್ಚಯವಾಗಲಿ, ಹೊರುವವರ ಕೂಲಿ ಮೊದಲೇ ನಿಶ್ಚಯವಾಗಲಿ. ದನವಿಲ್ಲದ, ತೋಟವಿಲ್ಲದ ಮನೆಯವರಿಗೂ ಇದರಲ್ಲಿ ಕೆಲಸವೂ ಪಾಲೂ ಇರಲಿ. ಅಡಿಕೆಯ ಬೆಲೆ ಕುಸಿದು ದಾರಿ ಕಾಣದಾದಾಗ ನಮ್ಮ ಬೆಳೆಗಾರರು 1973ರಲ್ಲಿ ಕೂಡಿಕೊಂಡು ಕ್ಯಾಂಪ್ಕೊ ಸಂಸ್ಥೆಯನ್ನು ಕಟ್ಟಿದರು. ಅಡಿಕೆಗಾಗಿ ಕೂಡಬಲ್ಲವರು ಅಡಿಕೆಯ ಸೋಗೆಗಾಗಿ ಕೂಡಲಾರರೇ?

ಪತ್ತನಾಜೆಗೆ ಇನ್ನು ಹೆಚ್ಚು ದಿನಗಳಿಲ್ಲ. ಆಮೇಲೆ ಮಳೆ, ಮಳೆಯಲ್ಲಿ ಗುಂಡಿ ತೋಡಲಾಗದು, ಮಾಡು ಹೊದೆಸಲಾಗದು. ಅದಕ್ಕೆ ಮುಂಚೆ ಪ್ರತಿಯೊಬ್ಬರೂ ಮೂರು ಕೆಲಸ ಮಾಡಿರೆಂದು ಕೈಮುಗಿದು ಬೇಡುತ್ತೇನೆ. ಗೊಬ್ಬರದ ಗುಂಡಿಗೆ ಮಾಡು ಕಟ್ಟಿರಿ. ಪ್ಲಾಸ್ಟಿಕ್ಕಿಗೆ ಒಂದು ಗೋಣಿ ಬೇರೆ ಇಡಿರಿ. ಮೂರನೆಯದು, ಬೇಲಿಯ ಆಚೆಯ ಮನೆಗೆ ಒಂದು ಸಾರಿ ಹೋಗಿ, ಅವರಲ್ಲಿ ಏನು ಹೆಚ್ಚಾಗಿ ಹಾಳಾಗುತ್ತಿದೆ ಎಂದು ಕೇಳಿ ಬನ್ನಿರಿ. ಬಾವಿ ಕೆಟ್ಟ ಮೇಲೆ ನಾನು ಹೋದೆ. ನೀವು ಅದಕ್ಕೆ ಮೊದಲೇ ಹೋಗಿರಿ.