ಮೊದಲ ಹರಿಗೋಲು

ಮಂಡ್ಯದ ಹೆಸರೆತ್ತಿದೊಡನೆ ನಗರವಾಸಿಗಳಾದ ನಮ್ಮ ಕಣ್ಣಿಗೆ ಕಬ್ಬಿನ ಗದ್ದೆಯೂ ಸಕ್ಕರೆಯ ಕಾರ್ಖಾನೆಯೂ ಕಟ್ಟುತ್ತವೆ. ಮದ್ದೂರೆಂದರೆ ವಡೆ, ಮಳವಳ್ಳಿಯೆಂದರೆ ಶಿವನಸಮುದ್ರಕ್ಕೆ ಹೋಗುವ ದಾರಿ. ಈ ಮೂರು ತಾಲ್ಲೂಕುಗಳಲ್ಲಿ ನೀರಿನ ಮೇಲೆಯೇ ಬಾಳನ್ನು ಸಾಗಿಸುವ ಬೆಸ್ತರ ಮನೆತನಗಳು ತಲತಲಾಂತರದಿಂದ ಇವೆಯೆಂಬುದು ನಮಗೆ ನೆನಪಾಗುವುದು ಅಪರೂಪ. ಆ ಮನೆತನಗಳ ಮಕ್ಕಳಿಗೆ ಈ ದಿನದ ನನ್ನ ಮಾತು ಬೇಕಾಗಿಲ್ಲ. ಅವರು ನಡೆಯಲು ಕಲಿಯುವ ವಯಸ್ಸಿನಲ್ಲಿಯೇ ನೀರಿನ ಗುಣವನ್ನು ಕಲಿತಿರುತ್ತಾರೆ. ಆದರೆ ಇತ್ತೀಚೆಗೆ ಓದು ಮುಗಿಸಿದ ತರುಣರು ಕೆಲವರು ಕೆರೆಯನ್ನು ಗುತ್ತಿಗೆ ಹಿಡಿದು ಕಾಟ್ಲಾ, ರೋಹು ಮರಿಗಳನ್ನು ಬಿಡುವ ಉದ್ಯಮಕ್ಕೆ ಕೈಹಾಕುತ್ತಿದ್ದಾರೆ. ಮತ್ತೆ ಕೆಲವರು ಬಿಡುವಿನ ವಿನೋದಕ್ಕೆಂದು ಚಿಕ್ಕದೊಂದು ದೋಣಿಯನ್ನು ಕೊಳ್ಳುತ್ತಾರೆ. ಇವರಿಗೆ ಹಣವೂ ಉತ್ಸಾಹವೂ ಉಂಟು, ನೀರಿನ ಪರಿಚಯ ಮಾತ್ರ ಇಲ್ಲ. ನನ್ನ ಮಾತು ಇವರನ್ನು ಕುರಿತದ್ದು, ಇವರನ್ನು ಮನೆಯಲ್ಲಿ ಕಾಯುತ್ತಿರುವವರನ್ನೂ ಕುರಿತದ್ದು.

ನಮ್ಮ ಸೀಮೆಯ ದೋಣಿ ಹರಿಗೋಲು. ಕೆಲವರು ಇದನ್ನೇ ತೆಪ್ಪವೆನ್ನುವರು. ಸೀಳಿದ ಬಿದಿರನ್ನು ದೊಡ್ಡ ಮಂಕರಿಯಂತೆ ಹೆಣೆದು, ಅಂಚನ್ನು ದಪ್ಪವಾಗಿ ಬಿಗಿದು, ಹೊರಮೈಗೆ ಹಿಂದೆ ತೊಗಲನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲದ ಹಾಳೆಯನ್ನು ಹೊದಿಸಿ ಟಾರು ಬಳಿಯುತ್ತಾರೆ. ಇದರ ಕುಲ ಬಹು ಪ್ರಾಚೀನವಾದದ್ದು. ಯೂಫ್ರೆಟೀಸ್ ನದಿಯ ಮೇಲೆ ತೊಗಲು ಹೊದಿಸಿದ ದುಂಡನೆಯ ದೋಣಿಗಳು ಬಾಬಿಲೋನಿಗೆ ಇಳಿದು ಬರುತ್ತಿದ್ದುದನ್ನು ಹೆರೊಡೋಟಸನು ಬರೆದಿದ್ದಾನೆ. ವೇಲ್ಸ್ ದೇಶದ ಹೊಳೆಗಳಲ್ಲಿ ಇದರ ದಾಯಾದಿಯನ್ನು ಕಾಣಬಹುದು. 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸನು, ತುಂಗಭದ್ರೆಯನ್ನು ಜನರು ಬುಟ್ಟಿಯಂಥ ದೋಣಿಗಳಲ್ಲಿ ದಾಟುವುದನ್ನೂ, ಒಂದೊಂದರಲ್ಲಿ ಹದಿನೈದಿಪ್ಪತ್ತು ಮಂದಿ ಹಿಡಿಯುವುದನ್ನೂ ವರ್ಣಿಸಿ, ಅವು ನೆಟ್ಟಗೆ ಹೋಗದೆ ಸದಾ ಸುತ್ತುತ್ತಲೇ ಇರುವುವೆಂದು ಸೇರಿಸಿದ್ದಾನೆ. ಮೊದಲ ಬಾರಿಗೆ ಹುಟ್ಟನ್ನು ಹಿಡಿದ ಪ್ರತಿಯೊಬ್ಬನೂ ಪಾಯೆಸನ ಮಾತು ಸತ್ಯವೆಂದು ಒಪ್ಪುವನು.

ಸುತ್ತುವುದರಿಂದ ಅಪಾಯವಿಲ್ಲ. ಅಪಾಯವಿರುವುದು ವಾಲುವುದರಲ್ಲಿ. ಇದನ್ನು ತಿಳಿಯಲು ಸ್ವಲ್ಪ ಲೆಕ್ಕ ಮಾಡಿದರೆ ಸಾಕು. ಆರು ಅಡಿ ಅಡ್ಡಳತೆಯ ಹರಿಗೋಲಿನ ತಳವನ್ನು ಚಪ್ಪಟೆಯೆಂದೇ ಎಣಿಸೋಣ. ಅದು ಒಂದು ಅಂಗುಲ ಹೆಚ್ಚಾಗಿ ಮುಳುಗಬೇಕಾದರೆ ಸುಮಾರು 67 ಕಿಲೋ ಭಾರ ಬೇಕು, ಎಂದರೆ ಒಬ್ಬ ಮನುಷ್ಯನ ತೂಕ. ಆ ಮನುಷ್ಯನು ನಡುವೆ ಕುಳಿತರೆ ದೋಣಿ ಒಂದೇ ಅಂಗುಲ ಇಳಿಯುತ್ತದೆ. ಅದನ್ನು ಯಾರೂ ಗಮನಿಸುವುದಿಲ್ಲ. ಅವನೇ ಎದ್ದು ಅಂಚಿನ ಬಳಿಗೆ ಸರಿದರೆ ಆ ಅಂಚು ಮತ್ತೆ ಮೂರು ನಾಲ್ಕು ಅಂಗುಲ ತಗ್ಗುತ್ತದೆ. ಬಲೆಯಲ್ಲಿ ದೊಡ್ಡ ಮೀನು ಸಿಕ್ಕಿತೆಂದು ಜತೆಗಾರನೂ ಅದೇ ಅಂಚಿಗೆ ಬಂದು ಬಾಗಿದನೆನ್ನಿ. ಆಗ ತಗ್ಗುವುದು ಅದರ ಇಮ್ಮಡಿಗಿಂತಲೂ ಹೆಚ್ಚು. ಇಬ್ಬರೂ ನಿಂತಿದ್ದರೆ ಭಾರದ ಕೇಂದ್ರ ಮೇಲೇರಿ ದೋಣಿಯ ಸ್ಥಿರತೆ ಇನ್ನೂ ಕುಗ್ಗುತ್ತದೆ. ನೆನೆದ ಬಲೆಯ ಎಳೆತವೂ ಒಂದು ಸಣ್ಣ ಅಲೆಯೂ ಕೂಡಿದರೆ ನೀರು ಒಳಗೆ ನುಗ್ಗುತ್ತದೆ. ಒಳಗೆ ಬಂದ ನೀರು ಸುಮ್ಮನೆ ಇರುವುದಿಲ್ಲ, ತಗ್ಗಿದ ಕಡೆಗೇ ಹರಿದು ಅದನ್ನು ಮತ್ತಷ್ಟು ತಗ್ಗಿಸುತ್ತದೆ. ನಾಲ್ಕು ಜನರನ್ನು ಕೂರಿಸಿಕೊಂಡು ನಿಶ್ಚಿಂತೆಯಿಂದ ತೇಲುವ ಅದೇ ಹರಿಗೋಲು ಇಬ್ಬರ ಅವಸರಕ್ಕೆ ಮಗುಚಿಕೊಳ್ಳುವುದು ಹೀಗೆ.

ಆದುದರಿಂದ ಮೊದಲ ತಿಂಗಳು ಬಲೆಯನ್ನು ಮುಟ್ಟಬಾರದು. ಇದು ಕಠಿನವಾದ ನಿಯಮವೆಂದು ತೋರಬಹುದು. ಆದರೂ ನಾನು ಇದನ್ನು ಸಡಿಲಿಸಲಾರೆ. ಹುಟ್ಟು ಹಾಕುವುದನ್ನು ಮಾತ್ರ ಕಲಿಯತಕ್ಕದ್ದು. ದೋಣಿಯ ಮುಂದಣ ಅಂಚಿನ ಹತ್ತಿರ ಮೊಣಕಾಲೂರಿ, ಹುಟ್ಟನ್ನು ಎದುರಿನ ನೀರಿನಲ್ಲಿ ಇಳಿಸಿ, ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಓಲಾಡಿಸುತ್ತ ತನ್ನತ್ತ ಸೆಳೆದುಕೊಂಡರೆ ಹರಿಗೋಲು ಹುಟ್ಟನ್ನು ಹಿಂಬಾಲಿಸುತ್ತದೆ. ತಾನೊಬ್ಬನೇ ಇದ್ದಾಗ ಹಿಂಬದಿಯಲ್ಲಿ ಮರಳು ಚೀಲವೊಂದನ್ನು ಇಟ್ಟುಕೊಂಡರೆ ತೂಕ ಸಮನಾಗುವುದು. ತೋಳು ನೋಯುವ ಮುನ್ನ ದಡವನ್ನು ಸೇರುವಷ್ಟು ದೂರವೇ ಮೊದಲ ದಿನಗಳ ಎಲ್ಲೆ. ಹಳಬನೊಬ್ಬನು ಜತೆಯಲ್ಲಿದ್ದರೆ ಪುಸ್ತಕದಲ್ಲಿಲ್ಲದ ಎಷ್ಟೋ ವಿಷಯ ತಿಳಿಯುತ್ತದೆ. "ನಿಂತ್ಕೊಂಡ್ರೆ ಏನಾಯ್ತದೆ, ಅಜ್ಜ?" ಎಂದು ಹುಡುಗ ಕೇಳಿದರೆ, "ಈಗ ಕೂತ್ಕೊ ಮಗಾ. ನಿಂತ್ಕೊಂಡು ಬಲೆ ಎಳೆಯಾಕೆ ಇನ್ನೊಂದು ವರ್ಸ ಕಾಯಿ" ಎಂದು ಹೇಳುವ ಅಜ್ಜ ಸಿಕ್ಕುವುದು ಪುಣ್ಯವೇ ಸರಿ.

ಇನ್ನು ಯಾವ ನೀರಿನಲ್ಲಿ ಕಲಿಯಬೇಕು? ಊರ ಚಿಕ್ಕ ಕೆರೆಯಲ್ಲಿ; ಹೊಳೆಯಲ್ಲಿ ಅಲ್ಲ. ನಿಂತ ನೀರಾದ್ದರಿಂದ ಕೆರೆ ಸಾಧುವೆಂದು ನಂಬಿಬಿಡುವುದೂ ತಪ್ಪು. ತೂಬು ತೆರೆದಿರುವಾಗ ಅದರ ಬಾಯಿಯ ಬಳಿ ನೀರು ಕೆಳಕ್ಕೆ ಸೆಳೆಯುತ್ತಿರುತ್ತದೆ. ಮೇಲೆ ಒಂದು ಸಣ್ಣ ಸುಳಿಯ ಹೊರತು ಬೇರೆ ಗುರುತು ಇರುವುದಿಲ್ಲ. ಕೋಡಿ ಬಿದ್ದ ದಿನ ಕೆರೆಗೆ ಕೆರೆಯೇ ಮೆಲ್ಲನೆ ಕೋಡಿಯತ್ತ ಸರಿಯುತ್ತಿರುತ್ತದೆ. ಈ ಎರಡು ಎಡೆಗಳಿಂದಲೂ ದೂರವಿರತಕ್ಕದ್ದು. ಇವೆರಡೂ ಹಿಂದಿನವರಿಗೆ ತಿಳಿದಿದ್ದ ಅಪಾಯಗಳು. ನಮ್ಮ ಕಾಲ ಮೂರನೆಯದನ್ನು ಸೇರಿಸಿದೆ. ಹೂಳೆತ್ತುವ ಯಂತ್ರಗಳೂ ಮಣ್ಣು ಸಾಗಿಸುವವರೂ ಬೇಸಗೆಯಲ್ಲಿ ತೋಡಿಟ್ಟ ಗುಂಡಿಗಳು ಮಳೆಗಾಲದಲ್ಲಿ ಮುಚ್ಚಿಹೋಗುತ್ತವೆ. ಮೊಣಕಾಲುದ್ದದ ನೀರಿನಲ್ಲಿ ದೋಣಿಯನ್ನು ನೂಕುತ್ತ ನಡೆಯುವವನು ಮುಂದಿನ ಹೆಜ್ಜೆಯಲ್ಲಿ ಎರಡಾಳುದ್ದಕ್ಕೆ ಇಳಿಯಬಹುದು. ಬೇಸಗೆಯಲ್ಲಿ ಕೆರೆಯ ಅಂಗಳ ಒಣಗಿದ್ದಾಗಲೇ ಒಮ್ಮೆ ನಡೆದು ಗುಂಡಿ, ಮೋಟುಮರ, ಬಂಡೆಗಳನ್ನು ಗುರುತಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ನಕ್ಷೆ ಬೇರೊಂದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಸುತ್ತಣ ಕೆರೆಗಳಿಗೆ ಮೀನಿಗೆ ಬರುತ್ತವೆ. ಅವು ನಿಂತಿರುವ ಕಡೆ ನೀರು ತೆಳುವೆಂದು ತಿಳಿಯಬಹುದು. ಹೆಜ್ಜಾರ್ಲೆ ತೇಲುತ್ತಿರುವ ಕಡೆ ಅಂಥ ಭರವಸೆ ಇಲ್ಲ. ಉಚಿತವಾಗಿ ದೊರೆಯುವ ಈ ಸಲಹೆಯನ್ನು ಬಿಡಬೇಕಾದ ಕಾರಣ ನನಗೆ ಕಾಣದು.

ನಾಲೆಯಲ್ಲಂತೂ ದೋಣಿಯನ್ನು ಇಳಿಸಲೇಕೂಡದು. ವಿಶ್ವೇಶ್ವರಯ್ಯ ನಾಲೆ ನೋಡಲು ಶಾಂತವಾಗಿದೆ. ಆದರೆ ಅದರ ಓಟ ಬಿರುಸು, ಗೋಡೆ ಕಡಿದು. ಬಿದ್ದವನು ಹಿಡಿದುಕೊಂಡು ಹತ್ತಲು ಅಲ್ಲಿ ಬೇರಿಲ್ಲ, ಬಂಡೆಯಿಲ್ಲ.

ಹೊಳೆಯ ವಿಷಯದಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಮ್ಮ ಹೊಳೆಗಳು ಈಗ ಮಳೆಯನ್ನು ಮಾತ್ರ ನೋಡಿ ಏರುವುದಿಲ್ಲ. ಶಿಂಷೆಯು ಮದ್ದೂರನ್ನು ತಲಪುವ ಮೊದಲು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ದಾಟಿ ಬರುತ್ತದೆ. ಅಲ್ಲಿ ನೀರು ಒಂದು ಮಟ್ಟವನ್ನು ಮುಟ್ಟಿದೊಡನೆ ಮನುಷ್ಯನ ಕೈ ಸೋಕದೆ ತಾವಾಗಿಯೇ ಹರಿಯತೊಡಗುವ ಸೈಫನ್‌ಗಳಿವೆ. ಕಾವೇರಿಯಾದರೋ 1911ರಲ್ಲಿ ಕೆಲಸ ಪ್ರಾರಂಭವಾದ ಕೃಷ್ಣರಾಜಸಾಗರದ ಬಾಗಿಲುಗಳಿಗೆ ಅಧೀನಳು. ಇನ್ನೂ ಕೆಳಗೆ ಮಳವಳ್ಳಿ ತಾಲ್ಲೂಕಿನಲ್ಲಿ, 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ಶಿವನಸಮುದ್ರದ ವಿದ್ಯುದಾಗಾರವೂ, 1940ರಲ್ಲಿ ಬಂದ ಶಿಂಷಾ ವಿದ್ಯುದಾಗಾರವೂ ನೀರನ್ನು ಹೊರಬಿಡುತ್ತವೆ. ಹೀಗಾಗಿ ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲದ ದಿನವೂ ಮೇಲಿನಿಂದ ನೀರು ಬಂದು ದಡದ ಕಲ್ಲುಗಳನ್ನು ಮುಚ್ಚಬಹುದು. ದಡದಲ್ಲಿ ಒಂದು ಕಡ್ಡಿಯನ್ನು ನೆಟ್ಟು ನೀರಿನ ಮಟ್ಟಕ್ಕೆ ಗೀಟು ಹಾಕಿ ಆಗಾಗ ನೋಡುತ್ತಿರಬೇಕು. ತಿಳಿನೀರು ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ಗೀಟು ಮುಳುಗಿದರೆ, ಬಲೆಯನ್ನು ಅಲ್ಲಿಯೇ ಬಿಟ್ಟು ದಡಕ್ಕೆ ಬರತಕ್ಕದ್ದು. ಬಲೆಯ ಬೆಲೆ ಕೆಲವು ಸಾವಿರ ರೂಪಾಯಿ.

ಮುತ್ತತ್ತಿಯ ಸೊಬಗು ಎಲ್ಲರನ್ನೂ ಸೆಳೆಯುತ್ತದೆ. ಅಲ್ಲಿಯ ಮಡುಗಳೂ ಸುಳಿಗಳೂ ಎಷ್ಟೋ ಮನೆಗಳ ದೀಪವನ್ನು ಆರಿಸಿವೆ. ಅದಲ್ಲದೆ ಅದು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು. ಆ ನೀರಿನಲ್ಲಿ ಮೊಸಳೆಗಳಿವೆ. ಲೋಕದಲ್ಲಿ ಕಾವೇರಿಯ ಹೊಳೆಗಳ ಹೊರತು ಬೇರೆಲ್ಲಿಯೂ ಇಲ್ಲದ, ಅಳಿವಿನ ಅಂಚಿಗೆ ಬಂದಿರುವ ದೊಡ್ಡ ಮಹಶೀರ್ ಮೀನು ಉಳಿದುಕೊಂಡಿರುವ ಕೆಲವೇ ಎಡೆಗಳಲ್ಲಿ ಈ ಭಾಗವೂ ಒಂದು. ಅಲ್ಲಿಗೆ ಬಲೆಯನ್ನೊಯ್ಯುವುದು ಕಾನೂನಿಗೂ ಸಲ್ಲದು, ವಿವೇಕಕ್ಕೂ ಸಲ್ಲದು. ಬೇರೆ ಕೆರೆಗಳಲ್ಲಿಯೂ ಕೆಲವು ಮೀನುಗಾರಿಕೆ ಇಲಾಖೆಯ ವಶದಲ್ಲಿವೆ, ಕೆಲವು ಗ್ರಾಮಪಂಚಾಯತಿಯ ವಶದಲ್ಲಿವೆ. ಯಾರ ಗುತ್ತಿಗೆಯೆಂದು ವಿಚಾರಿಸಿ, ಪರವಾನಗಿಯನ್ನು ಪಡೆದು ಇಳಿಯುವುದು ಲೇಸು.

ದೋಣಿಯನ್ನು ಕೊಳ್ಳುವವರು ಬಣ್ಣವನ್ನು ನೋಡಿ ಕೊಳ್ಳಬಾರದು. ಹರಿಗೋಲನ್ನು ಬೋರಲು ಹಾಕಿ ಟಾರು ಬಿರಿದಿದೆಯೇ ಎಂದು ನೋಡಿ. ಒಳಗೆ ಕೈಯಾಡಿಸಿ ಬಿದಿರಿನಲ್ಲಿ ಹುಳುವಿನ ಪುಡಿ ಉದುರುವುದೇ ನೋಡಿ. ಬಿದಿರು ಸ್ವಭಾವತಃ ತೇಲುವ ವಸ್ತು. ನೀರು ತುಂಬಿದರೂ ಹರಿಗೋಲು ಸಾಮಾನ್ಯವಾಗಿ ಕೈಗೆ ಆಧಾರವಾಗಿ ಉಳಿಯುತ್ತದೆ. ಈಗ ಬಂದಿರುವ ಫೈಬರ್ ದೋಣಿ ಹಗುರವೆಂದು ಕಂಡರೂ ಫೈಬರ್ ನೀರಿಗಿಂತ ಭಾರವಾದದ್ದು. ಗಾಳಿಯ ಅರೆಗಳಿಲ್ಲದಿದ್ದರೆ ನೀರು ತುಂಬಿದಾಗ ತಳ ಸೇರುತ್ತದೆ. ಯಾವುದಾದರೂ ಸರಿ, ಮುಚ್ಚಳ ಬಿಗಿದ ಖಾಲಿ ಡಬ್ಬಗಳು ನಾಲ್ಕನ್ನು ಅಂಚಿನ ಒಳಗೆ ಸುತ್ತಲೂ ಕಟ್ಟಿದರೆ ಖರ್ಚು ಅಲ್ಪ, ಪ್ರಯೋಜನ ದೊಡ್ಡದು. ಥರ್ಮೋಕೋಲಿನ ತುಂಡನ್ನೂ ಲಾರಿಯ ಟ್ಯೂಬನ್ನೂ ದೋಣಿಯೆಂದು ಕರೆಯುವವರ ಸಹವಾಸ ಬೇಡ.

ಮೈಮೇಲೆ ಲೈಫ್ ಜಾಕೆಟ್ ಇರಲೇಬೇಕು. ದೋಣಿಯಲ್ಲಿ ಮಡಿಸಿಟ್ಟ ಜಾಕೆಟ್ಟು ಯಾರನ್ನೂ ತೇಲಿಸಿಲ್ಲ. ಈಜು ಬಲ್ಲೆನೆಂಬ ಬಿಂಕ ಇಲ್ಲಿ ನಡೆಯದು: ನೈಲಾನ್ ಬಲೆಯೊಳಗೆ ಕಾಲು ಸಿಕ್ಕಿದವನಿಗೆ ಈಜು ಕೈಕೊಡುತ್ತದೆ. ಬಲೆಯನ್ನು ಕತ್ತರಿಸಲು ಸೊಂಟದಲ್ಲಿ ಚಿಕ್ಕ ಚೂರಿಯೊಂದಿರಲಿ. ಜೋಲಾಡುವ ಪಂಚೆ ಬೇಡ, ನೀರು ತುಂಬುವ ಗಮ್‌ಬೂಟು ಬೇಡ, ಹೆಂಡವಂತೂ ಬೇಡವೇ ಬೇಡ. ನೀರನ್ನು ಮೊಗೆಯಲು ಒಂದು ಚೊಂಬು, ಇನ್ನೊಂದು ಹುಟ್ಟು, ನೀರು ಹೊಗದ ಚೀಲದಲ್ಲಿ ಫೋನು, ಇಷ್ಟಿದ್ದರೆ ಸಾಕು. ಏಪ್ರಿಲ್ ಮೇ ತಿಂಗಳುಗಳ ಇಳಿಹೊತ್ತಿನಲ್ಲಿ ಗುಡುಗಿನ ಮೊದಲ ಸದ್ದು ಕೇಳಿದೊಡನೆ ದಡ ಸೇರಬೇಕು. ಬಯಲು ನೀರಿನ ಮೇಲೆ ಸಿಡಿಲಿಗೆ ಎತ್ತರವಾಗಿ ಕಾಣುವವನು ದೋಣಿಯಲ್ಲಿರುವವನೇ. ಆಷಾಢದ ಗಾಳಿಯಲ್ಲಿ ಕೃಷ್ಣರಾಜಸಾಗರದಂಥ ವಿಶಾಲವಾದ ನೀರಿಗೆ ಹೋದರೆ ದುಂಡು ದೋಣಿ ಗಾಳಿ ಹೇಳಿದ ಕಡೆಗೆ ಹೋಗುವುದೇ ಹೊರತು ಹುಟ್ಟು ಹೇಳಿದ ಕಡೆಗಲ್ಲ.

ಒಂದು ವೇಳೆ ಮಗುಚಿತೆನ್ನಿ. ಆಗ ದಡ ಹತ್ತಿರವೇ ಕಂಡರೂ ದೋಣಿಯನ್ನು ಬಿಟ್ಟು ಈಜಲು ಹೊರಡಬಾರದು. ಅಂಚನ್ನು ಹಿಡಿದುಕೊಂಡು, ಜತೆಗಾರನು ಎದುರು ಅಂಚನ್ನು ಹಿಡಿಯುವಂತೆ ಮಾಡಿ, ಕೂಗಿ ಕರೆಯುತ್ತ ಕಾಯಬೇಕು. ಕೂಗಿದರೆ ಕೇಳುವವರು ದಡದಲ್ಲಿರಬೇಕಷ್ಟೆ. ಆದ್ದರಿಂದಲೇ ಹೊರಡುವ ಮುನ್ನ ಯಾವ ಕೆರೆಗೆ, ಯಾರೊಡನೆ, ಎಷ್ಟು ಗಂಟೆಗೆ ಹಿಂದಿರುಗುವೆನೆಂದು ಮನೆಯಲ್ಲಿ ತಿಳಿಸಿ ಹೋಗತಕ್ಕದ್ದು. ಹೇಳಿದ ಹೊತ್ತಿಗೆ ಬಾರದಿದ್ದರೆ ಮನೆಯವರು ಇನ್ನೊಂದು ಗಂಟೆ ನೋಡೋಣವೆಂದು ಸುಮ್ಮನಿರದೆ ಆ ಕೆರೆಯ ಊರಿನವರಿಗೆ ಫೋನು ಮಾಡಲಿ. ಬೆಸ್ತರ ಕೇರಿಯವರದೊಂದು ಸಂಖ್ಯೆಯನ್ನು ಮೊದಲೇ ಬರೆದು ಗೋಡೆಗೆ ಅಂಟಿಸಿರಲಿ.